ನರಿಕೊಂಬು: ಬೈಲು, ಮಜಲು, ಬೆಟ್ಟು

ಮೆಲ್ಕಾರಿನಲ್ಲಿ ಬಸ್ಸಿಳಿದು ಕಾಲೇಜಿಗೆ ಬರುವ ನಮ್ಮಲ್ಲಿ ಹೆಚ್ಚಿನವರಿಗೆ ನರಿಕೊಂಬು ಎಂದರೆ ಅರ್ಜಿ ತುಂಬುವಾಗ ಬರೆಯುವ ವಿಳಾಸದ ಒಂದು ಸಾಲು. ಊರು ಎಲ್ಲಿ ಶುರುವಾಗುತ್ತದೆ, ಪಾಣೆಮಂಗಳೂರು ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ ತಡವರಿಸುತ್ತೇವೆ. ಉತ್ತರದಲ್ಲಿ ನೇತ್ರಾವತಿ, ಪಶ್ಚಿಮಕ್ಕೆ ಪಾಣೆಮಂಗಳೂರು, ನದಿಯ ಮೇಲ್ಭಾಗಕ್ಕೆ ಶಂಭೂರು, ದಕ್ಷಿಣದ ಕಡೆ ಕಲ್ಲಡ್ಕಕ್ಕೆ ಹೋಗುವ ಹೆದ್ದಾರಿ: ನದಿಯ ಎಡದಂಡೆಯಲ್ಲಿ ಇವುಗಳ ನಡುವೆ ಇರುವುದು ನಮ್ಮ ಗ್ರಾಮ. ಆಚೆ ದಡದಲ್ಲಿ ಬಂಟ್ವಾಳ ಪೇಟೆ.

ಹೆಸರಿನ ಮಾತು ಬಂದರೆ ಮೊದಲು ನಗು ಬರುತ್ತದೆ. ನರಿಗೆ ಕೊಂಬು ಎಲ್ಲಿಯದು? ಆದರೆ ‘ನರಿಯ ಕೊಂಬು’ ಇದ್ದವನಿಗೆ ಅದೃಷ್ಟ ಎಂಬ ನಂಬಿಕೆ ದಕ್ಷಿಣ ಭಾರತದಲ್ಲೂ ಶ್ರೀಲಂಕೆಯಲ್ಲೂ ಹಿಂದಿನಿಂದ ಇದೆ. ಆ ನಂಬಿಕೆಯ ಮೇಲೆ ಇಂದಿಗೂ ಮೋಸದ ವ್ಯಾಪಾರ ನಡೆಯುತ್ತದೆ. ನರಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಊರಿನ ಹೆಸರಿಗಿಂತ ಊರೊಳಗಿನ ಚಿಕ್ಕ ಚಿಕ್ಕ ಜಾಗಗಳ ಹೆಸರುಗಳು ನಮಗೆ ಹೆಚ್ಚು ಪಾಠ ಹೇಳುತ್ತವೆ. ಈ ಲೇಖನ ಮುಖ್ಯವಾಗಿ ಅವುಗಳ ಬಗ್ಗೆ.

ತುಳುನಾಡಿನ ರೈತರು ಗದ್ದೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಎಲ್ಲಕ್ಕಿಂತ ತಗ್ಗಿನಲ್ಲಿ, ತೋಡಿನ ಅಥವಾ ನದಿಯ ಬದಿಯಲ್ಲಿ ಇರುವುದು ಬೈಲು. ಅಲ್ಲಿ ನೀರು ಬತ್ತುವುದಿಲ್ಲ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯಬಹುದಿತ್ತು. ಅದಕ್ಕಿಂತ ಮೇಲಿನದು ಮಜಲು. ಅಲ್ಲಿ ಎರಡು ಬೆಳೆ. ಇನ್ನೂ ಮೇಲೆ, ಮಳೆಯ ನೀರನ್ನೇ ನಂಬಿ ಒಂದೇ ಬೆಳೆ ತೆಗೆಯುವ ಗದ್ದೆ ಬೆಟ್ಟು. ಅದರಿಂದಾಚೆ ಹುಲ್ಲು, ಮುಳ್ಳುಗಿಡ, ಮುರಕಲ್ಲಿನ ಗುಡ್ಡೆ. ಈಗ ಹೆಸರುಗಳನ್ನು ನೋಡಿ. ಮೆಲ್ಕಾರಿನ ಪಕ್ಕದಲ್ಲೇ ಮಾರ್ನಬೈಲು. ಕಲ್ಲಡ್ಕದ ಕಡೆ ಹೋದರೆ ಗೋಳ್ತಮಜಲು. ಮೂಡುಬೆಟ್ಟು, ಪಡುಬೆಟ್ಟು ಎಂಬ ಹೆಸರುಗಳು ಜಿಲ್ಲೆಯಲ್ಲಿ ಎಷ್ಟಿವೆಯೋ ಲೆಕ್ಕವಿಲ್ಲ. ಇವು ಯಾರೋ ಚಂದಕ್ಕೆ ಇಟ್ಟ ಹೆಸರುಗಳಲ್ಲ. ಆ ಜಾಗ ಎಷ್ಟು ಎತ್ತರದಲ್ಲಿದೆ, ಅಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂಬುದನ್ನು ಬರೆದಿಟ್ಟ ಅಳತೆ. ಭೂಗೋಳದ ಪುಸ್ತಕದಲ್ಲಿ ಸಮೋನ್ನತ ರೇಖೆಗಳನ್ನು ಎಳೆದು ತೋರಿಸುವುದನ್ನು ನಮ್ಮ ಹಿರಿಯರು ಒಂದೊಂದು ಪದದಲ್ಲಿ ಹೇಳಿಬಿಟ್ಟಿದ್ದರು.

ಗುಡ್ಡೆಯ ವಿಷಯವನ್ನೂ ಸ್ವಲ್ಪ ನೋಡೋಣ. ನಮ್ಮ ಮನೆಗಳ ಗೋಡೆಗಳೆಲ್ಲ ನಿಂತಿರುವುದು ಮುರಕಲ್ಲಿನ ಮೇಲೆ. ನೆಲದಿಂದ ಕಡಿಯುವಾಗ ಮೆತ್ತಗಿರುವ ಈ ಕೆಂಪು ಕಲ್ಲು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. 1800–01ರಲ್ಲಿ ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕೇರಳದ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. 1807ರಲ್ಲಿ ಅವನ ಪುಸ್ತಕ ಪ್ರಕಟವಾದ ಮೇಲೆ ಇಡೀ ಜಗತ್ತಿನ ಭೂವಿಜ್ಞಾನ ಆ ಹೆಸರನ್ನು ಒಪ್ಪಿಕೊಂಡಿತು. ನಾವು ಕೆಂಪುಕಲ್ಲು ಎಂದು ಸದರದಿಂದ ಕಾಣುವ ವಸ್ತು ವಿಜ್ಞಾನದ ಪುಸ್ತಕಕ್ಕೆ ಹೋದದ್ದು ನಮ್ಮ ಕರಾವಳಿಯಿಂದ.

ಈ ಕಲ್ಲಿನ ತುಂಬ ತೂತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಗುಡ್ಡೆ ಈ ನೀರಿನಲ್ಲಿ ಒಂದಂಶವನ್ನು ಹೀರಿಕೊಂಡು ತನ್ನ ಬುಡದಲ್ಲಿ ಒರತೆಯಾಗಿ ನಿಧಾನಕ್ಕೆ ಬಿಡುತ್ತದೆ. ಬೈಲಿನಲ್ಲಿ ಮೂರನೇ ಬೆಳೆ ಬರುತ್ತಿದ್ದುದು ಈ ಒರತೆಯಿಂದ. ಇದೇ ನೀರನ್ನು ಹಿಡಿಯಲು ವಿಟ್ಲ, ಅಡ್ಯನಡ್ಕದ ಕಡೆಯವರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಒಬ್ಬರೇ ಸುರಂಗ ತೋಡಿ ಬೋಳುಗುಡ್ಡೆಯನ್ನು ತೋಟ ಮಾಡಿದ ನಮ್ಮ ತಾಲೂಕಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗುಡ್ಡೆಯನ್ನು ಯಂತ್ರದಿಂದ ಕತ್ತರಿಸಿ ಸಪಾಟು ಮಾಡಿದಾಗ ಕೆಳಗಿನ ಮನೆಯ ಬಾವಿ ಮಾರ್ಚಿಯಲ್ಲೇ ತಳ ಕಾಣುವುದು ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ನದಿ. ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟಿ, ಬೆಳ್ತಂಗಡಿ ತಾಲೂಕಿನಲ್ಲಿ ಇಳಿದು, ಧರ್ಮಸ್ಥಳದ ಬದಿಯಲ್ಲಿ ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು ನೇತ್ರಾವತಿ ನಮ್ಮಲ್ಲಿಗೆ ಬರುತ್ತದೆ. ಅಲ್ಲಿಂದ ತುಂಬೆ, ಫರಂಗಿಪೇಟೆ ದಾಟಿ ಉಳ್ಳಾಲದ ಬಳಿ ಸಮುದ್ರ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಇದಕ್ಕೆ ‘ಬಂಟ್ವಾಳ ಹೊಳೆ’ ಎಂಬ ಹೆಸರೂ ಇದೆ. ಅದಕ್ಕೆ ಕಾರಣ ವ್ಯಾಪಾರ. ಸಮುದ್ರದಿಂದ ಬರುವ ಸರಕಿನ ದೋಣಿಗಳು ಬಂಟ್ವಾಳದ ತನಕ ಸಲೀಸಾಗಿ ಬರುತ್ತಿದ್ದವು. ಘಟ್ಟದ ಮೇಲಿನ ಕಾಫಿ, ಭತ್ತ, ಏಲಕ್ಕಿ ಎತ್ತಿನ ಮೇಲೆ, ಗಾಡಿಯ ಮೇಲೆ ಇಳಿದು ಬಂದು ಬಂಟ್ವಾಳ ಮತ್ತು ಪಾಣೆಮಂಗಳೂರಿನಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿದ್ದವು. ಮಂಗಳೂರಿನಿಂದ ಉಪ್ಪು, ಒಣಮೀನು, ಬಟ್ಟೆ ಮೇಲೆ ಬರುತ್ತಿದ್ದವು. 1340ರ ದಶಕದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತಾ ಅಲ್ಲಿ ಸಾವಿರಾರು ಮುಸ್ಲಿಮರು ನೆಲೆಸಿದ್ದನ್ನು ದಾಖಲಿಸಿದ್ದಾನೆ. ಬಂದರಿನ ವ್ಯಾಪಾರ ಒಳನಾಡಿಗೆ ಹರಡುವುದಕ್ಕೆ ನದಿಯೇ ದಾರಿ. ನೇತ್ರಾವತಿಯ ಎರಡೂ ದಡದಲ್ಲಿ ಪೇಟೆಗಳಿರುವಲ್ಲಿ ಬ್ಯಾರಿ ವ್ಯಾಪಾರಿಗಳೂ ಕೊಂಕಣಿ ವ್ಯಾಪಾರಿಗಳೂ ಅಕ್ಕಪಕ್ಕದಲ್ಲಿ ಅಂಗಡಿ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ‘ಬ್ಯಾರಿ’ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ‘ಬ್ಯಾರ’ದಿಂದ ಬಂತು ಎನ್ನುವುದು ಹಲವರ ಅಭಿಪ್ರಾಯ.

ಹೀಗಾಗಿ ಆ ಕಾಲದ ಪೇಟೆಗಳು ನೀರಿನ ಅಂಚಿಗೇ ಕೂತಿದ್ದವು. ದಾರಿ ನೀರಾಗಿರುವಾಗ ಅಂಗಡಿ ಬೇರೆಲ್ಲಿ ಇರಬೇಕು? ನರಿಕೊಂಬಿನಂಥ ಗ್ರಾಮಗಳು ಈ ಪೇಟೆಗಳಿಗೆ ಅಕ್ಕಿ, ಅಡಿಕೆ, ತೆಂಗು ಕೊಡುವ ಹಿನ್ನೆಲೆ. ಪೇಟೆಯವರು ನೆರೆಯ ಅಪಾಯವನ್ನು ಲಾಭದ ಜೊತೆಗೆ ಒಪ್ಪಿಕೊಂಡಿದ್ದರು. ಆದರೆ ಗ್ರಾಮದವರು ಗದ್ದೆಯನ್ನು ಬೈಲಿನಲ್ಲಿ ಮಾಡಿದರೂ ಮನೆಯನ್ನು ಬೈಲಿನಲ್ಲಿ ಕಟ್ಟಲಿಲ್ಲ. ಹಳೆಯ ತರವಾಡು ಮನೆಗಳು, ದೈವಸ್ಥಾನಗಳು, ಇಗರ್ಜಿ ಎಲ್ಲಿವೆ ಎಂದು ಗಮನಿಸಿ: ಹೆಚ್ಚಿನವು ಮಜಲು ಬೆಟ್ಟುಗಳ ಅಂಚಿನಲ್ಲಿ, ಗುಡ್ಡೆಗೆ ಬೆನ್ನು ಕೊಟ್ಟು, ಬೈಲನ್ನು ನೋಡಿಕೊಂಡು ಇವೆ.

ಇತಿಹಾಸದ ದೊಡ್ಡ ಘಟನೆಯೊಂದು ಈ ದಾರಿಯಲ್ಲಿ ಹಾದುಹೋದದ್ದು 1837ರಲ್ಲಿ. ಕೊಡಗು ಬ್ರಿಟಿಷರ ಕೈಸೇರಿದ ಮೇಲೆ, ಕಂದಾಯವನ್ನು ಹಣದಲ್ಲೇ ಕೊಡಬೇಕೆಂಬ ಒತ್ತಾಯದಿಂದ ಸಿಡಿದೆದ್ದ ಅಮರಸುಳ್ಯದ ರೈತರು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ, ಕಲ್ಯಾಣಪ್ಪನ ಹೆಸರಿನಲ್ಲಿ ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ಮಾರ್ಗವಾಗಿ ಮಂಗಳೂರಿಗೆ ನಡೆದರು. ನದಿಯ ಇದೇ ದಂಡೆಯ ನಂದಾವರದ ಬಂಗರಸರೂ ಅವರೊಡನೆ ಸೇರಿದರು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅವರ ಧ್ವಜ ಏರಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ನೇಣು, ಗಡೀಪಾರು. ಸಿಪಾಯಿ ದಂಗೆಗೆ ಇಪ್ಪತ್ತು ವರ್ಷ ಮೊದಲು ನಡೆದ ಈ ಕಥೆಯನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಬಹಳ ಕಾಲ ಹಗುರವಾಗಿ ಹೇಳಲಾಯಿತು ಎನ್ನುವುದು ಬೇಸರದ ವಿಷಯ.

ದೋಣಿಯ ಕಾಲ ಮುಗಿದದ್ದು ರಸ್ತೆಯಿಂದ. ಪಾಣೆಮಂಗಳೂರಿನ ಹಳೆ ಸೇತುವೆ ಬ್ರಿಟಿಷರ ಕಾಲದ್ದು. ಅದು ಬಂದ ಮೇಲೆ ಕಡವಿನ ದೋಣಿಗೆ ಕಾಯುವ ಕೆಲಸ ತಪ್ಪಿತು. 1907ರಲ್ಲಿ ಮಂಗಳೂರಿಗೆ ರೈಲು ತಲುಪಿತ್ತು. ಹಾಸನದ ರೈಲುದಾರಿ ನಮ್ಮಲ್ಲಿ ನದಿ ದಾಟಿದ್ದು ಅದಾದ ಎಷ್ಟೋ ಕಾಲದ ಮೇಲೆ. ಇವೆಲ್ಲದರ ಫಲವನ್ನು ಒಂದು ಹೆಸರಿನಲ್ಲಿ ನೋಡಬಹುದು. ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್, ಅಂದರೆ ಬಂಟ್ವಾಳಕ್ಕೆ ತಿರುಗುವ ಜಾಗ, ಅಷ್ಟೇ. ಈಗ ತಾಲೂಕು ಕಚೇರಿ, ಬಸ್ಸು, ಆಸ್ಪತ್ರೆ, ಅಂಗಡಿ ಎಲ್ಲ ಅಲ್ಲಿ. ತಿರುವು ದೊಡ್ಡ ಪೇಟೆಯಾಯಿತು, 1874ರಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದ ಬಂಟ್ವಾಳ ಪೇಟೆ ಅದರ ಬದಿಯ ಬೀದಿಯಾಯಿತು. ನದಿಯ ಈಚೆಗೆ ಮೆಲ್ಕಾರಿನ ಕಥೆಯೂ ಹೆಚ್ಚು ಕಡಿಮೆ ಅದೇ. ಮುಡಿಪು ಕಡೆಯ ರಸ್ತೆ ಹೆದ್ದಾರಿಗೆ ಸೇರುವ ಮೂಲೆ ಎಂಬುದೇ ಅದರ ಬಂಡವಾಳ. ಪಾಣೆಮಂಗಳೂರಿನ ಹಳೆ ಅಂಗಡಿ ಸಾಲು ಮೌನವಾಗಿದೆ.

ಒಂದು ರೀತಿಯಲ್ಲಿ ಇದು ಒಳ್ಳೆಯದೇ, ಪೇಟೆ ನೀರಿನಿಂದ ಮೇಲೆ ಬಂತು ಎನ್ನಬಹುದು. ಆದರೆ ಆಗಿದ್ದು ಅಷ್ಟೇ ಅಲ್ಲ. ನದಿ ದಾರಿಯಾಗಿದ್ದಾಗ ಎಲ್ಲರ ಕಣ್ಣು ನದಿಯ ಮೇಲಿತ್ತು. ರಸ್ತೆ ಬಂದ ಮೇಲೆ ನದಿಗೆ ಬೆನ್ನು ತಿರುಗಿತು. ಬೇಸಾಯ ಬಿಟ್ಟ ಬೈಲುಗಳಿಗೆ ಮಣ್ಣು ತುಂಬಿಸಿ ಸೈಟು ಮಾಡುವುದು ಶುರುವಾಯಿತು. ಸೈಟು ಕೊಳ್ಳುವವರು ರಸ್ತೆಗೆ ಎಷ್ಟು ದೂರ ಎಂದು ಕೇಳುತ್ತಾರೆ, ಹೊಳೆಗೆ ಎಷ್ಟು ಎತ್ತರ ಎಂದು ಕೇಳುವುದಿಲ್ಲ. ಜಾಗದ ಹೆಸರಿನಲ್ಲೇ ಬೈಲು ಎಂದಿದ್ದರೂ!

ನೆರೆಯ ವಿಷಯಕ್ಕೆ ಬರೋಣ. ನಮ್ಮ ನದಿಯ ಎರಡು ದೊಡ್ಡ ನೆರೆಗಳನ್ನು ಹಿರಿಯರು ಇಸವಿಯ ಸಹಿತ ಹೇಳುತ್ತಾರೆ. ಮೊದಲನೆಯದು 1923ರ ಆಗಸ್ಟಿನದು. ತುಳುವಿನಲ್ಲಿ ಬೊಳ್ಳ ಎಂದರೆ ನೆರೆ. ಅದನ್ನು ‘ಮಾರಿ ಬೊಳ್ಳ’ ಎಂದೇ ಕರೆದರು. ಉಪ್ಪಿನಂಗಡಿಯಿಂದ ಬಂಟ್ವಾಳ, ಪಾಣೆಮಂಗಳೂರಿನ ತನಕ ಹೊಳೆಬದಿಯ ಪೇಟೆಗಳು ಅದರಲ್ಲಿ ನೆಲಸಮವಾದವು. ಎರಡನೆಯದು 1974ರ ಜುಲೈ ಕೊನೆಯದು. ಅದನ್ನು ಕಣ್ಣಾರೆ ಕಂಡವರು ಇವತ್ತೂ ನಮ್ಮ ನಡುವೆ ಇದ್ದಾರೆ. ಆಗ ಹತ್ತು ವರ್ಷದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ.

ಇಲ್ಲಿ ಒಂದು ಸಂಗತಿ ಅರ್ಥಮಾಡಿಕೊಳ್ಳಬೇಕು. ನಮ್ಮಲ್ಲಿ ಮಳೆ ಇಲ್ಲದ ದಿನವೂ ನೆರೆ ಬರಬಹುದು. ನೇತ್ರಾವತಿಗೆ ನೀರು ತುಂಬಿಸುವುದು ನರಿಕೊಂಬಿನ ಮಳೆಯಲ್ಲ. ಕುದುರೆಮುಖ, ಚಾರ್ಮಾಡಿ, ಶಿರಾಡಿ, ಸುಬ್ರಹ್ಮಣ್ಯದ ಘಟ್ಟಗಳ ಮಳೆ. ಘಟ್ಟದಿಂದ ಅದು ಕಡಿದಾಗಿ ಇಳಿಯುತ್ತದೆ. ತಗ್ಗಿಗೆ ಬಂದ ಮೇಲೆ ಇಳಿಜಾರು ಕಡಿಮೆಯಾಗಿ ವೇಗ ಕುಗ್ಗಿ ನೀರು ಮೇಲಕ್ಕೆ ಏರುತ್ತದೆ. ಎರಡು ಹೊಳೆಗಳ ನೀರು ಒಟ್ಟಿಗೆ ಏರಿ ಉಪ್ಪಿನಂಗಡಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಕೂಡಿದರೆ ಅದನ್ನು ‘ಸಂಗಮ’ ಎಂದು ಜನ ನೋಡಲು ಹೋಗುತ್ತಾರೆ. ಅಲ್ಲಿ ಸಂಗಮವಾಯಿತೆಂದರೆ ಕೆಲವೇ ಗಂಟೆಗಳಲ್ಲಿ ಅದೇ ನೀರು ನಮ್ಮ ಬೈಲಿಗೆ ಬರುತ್ತದೆ ಎಂದು ಹಿಂದಿನವರು ಲೆಕ್ಕ ಹಾಕುತ್ತಿದ್ದರು. ಬಂಟ್ವಾಳದ ಮಾಪನದಲ್ಲಿ ಅಪಾಯದ ಮಟ್ಟ 8.5 ಮೀಟರ್. 2019ರ ಆಗಸ್ಟ್ ಎರಡನೇ ವಾರ ಚಾರ್ಮಾಡಿ ಮತ್ತು ಬೆಳ್ತಂಗಡಿಯ ಬೆಟ್ಟಗಳು ಜರಿದಾಗ ಅದು 11 ಮೀಟರ್ ದಾಟಿತು. 1974ರ ನಂತರ ಅಂಥ ನೀರು ಕಂಡಿರಲಿಲ್ಲ ಎಂದವರು ಹಲವರು.

ಅದೇ 2019ರ ಮೇ ತಿಂಗಳನ್ನೂ ನೆನಪಿಸಿಕೊಳ್ಳಿ. ನಮ್ಮಿಂದ ಕೆಳಗೆ ತುಂಬೆಯಲ್ಲಿ ಇರುವ ಕಿಂಡಿ ಅಣೆಕಟ್ಟು ಮಂಗಳೂರು ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ಮೇಲೆ ಶಂಭೂರಿನಲ್ಲಿ ಜಲವಿದ್ಯುತ್ತಿನ ಅಣೆಕಟ್ಟು ಇದೆ. ಜನ ಅದನ್ನು ಎಎಂಆರ್ ಡ್ಯಾಂ ಎನ್ನುತ್ತಾರೆ. ಬೇಸಿಗೆಯಲ್ಲಿ ತುಂಬೆಯ ಮಟ್ಟ ಇಳಿದಾಗ ಶಂಭೂರಿನ ನೀರನ್ನು ಕೆಳಗೆ ಬಿಡಿಸಿಕೊಳ್ಳುತ್ತಾರೆ. ಆ ನೀರು ಸಾಗುವುದು ನಮ್ಮ ಊರಿನ ಅಂಚಿನಲ್ಲೇ. ಆ ವರ್ಷ ಮೇ ತಿಂಗಳಲ್ಲಿ ಅದೂ ಸಾಲದೆ ಮಂಗಳೂರಿಗೆ ಸರದಿಯ ಮೇಲೆ ನೀರು ಕೊಡುವ ಸ್ಥಿತಿ ಬಂತು. ಮೂರು ತಿಂಗಳೊಳಗೆ ಅದೇ ನದಿ ಮನೆಗಳೊಳಗೆ ನುಗ್ಗಿತು. ನಾಲ್ಕು ತಿಂಗಳ ಮಳೆಯನ್ನು ಎಂಟು ತಿಂಗಳಿಗೆ ಹಿಡಿದಿಡುವ ಗುಡ್ಡೆ, ಬೈಲುಗಳ ಕೆಲಸ ಕುಂದಿದರೆ ಎರಡು ತುದಿಗಳೂ ತೀವ್ರವಾಗುತ್ತವೆ. ಮೇಲ್ಭಾಗದಲ್ಲಿ ಕುಮಾರಧಾರೆಗೆ ನೀರು ತರುವ ಎತ್ತಿನಹೊಳೆಯನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಜನರ ಬಾಯಾರಿಕೆ ಸುಳ್ಳಲ್ಲ. ನಮ್ಮ ಮೇ ತಿಂಗಳೂ ಸುಳ್ಳಲ್ಲ. ಈ ವಾದವನ್ನು ಭಾವಾವೇಶದಿಂದ ಮಾಡುವುದಕ್ಕಿಂತ ಅಂಕಿ ಹಿಡಿದು ಮಾಡಿದರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಅಂಕಿ ಹಿಡಿಯುವುದು ಎಂದಾಗ ಬೇರೆ ದೇಶದ ಒಂದು ಅಭ್ಯಾಸ ನೆನಪಾಗುತ್ತದೆ. ಯುರೋಪಿನ ನಡುವೆ ಇರುವ ಜೆಕ್ ದೇಶಕ್ಕೆ ಸಮುದ್ರವಿಲ್ಲ. ಇರುವುದು ನದಿಗಳು, ವಲ್ಟಾವಾ ಮತ್ತು ಎಲ್ಬೆ. ಅವುಗಳ ದಡದ ಸಣ್ಣ ಹಳ್ಳಿಗಳಲ್ಲಿ ನೆರೆ ಬಂದುಹೋದ ಮೇಲೆ ನೀರು ಎಲ್ಲಿಯ ತನಕ ಏರಿತ್ತೋ ಅಲ್ಲಿಗೆ ಮನೆಯ, ಇಗರ್ಜಿಯ ಗೋಡೆಯಲ್ಲಿ ಒಂದು ಗೆರೆ ಎಳೆದು ಇಸವಿ ಕೆತ್ತುತ್ತಾರೆ. ರಾಜಧಾನಿ ಪ್ರಾಗ್‌ನಲ್ಲಿ ಚಾರ್ಲ್ಸ್ ಸೇತುವೆಯ ಬಳಿ ದಡದ ಗೋಡೆಯಲ್ಲಿ ಗಡ್ಡದ ಮುಖವೊಂದನ್ನು ಕೆತ್ತಿದ್ದಾರೆ; ನೀರು ಆ ಮುಖದ ಎಲ್ಲಿಗೆ ಬಂತು ಎಂಬುದರ ಮೇಲೆ ನಗರದವರು ಅಪಾಯವನ್ನು ಅಳೆಯುತ್ತಿದ್ದರು. 2002ರ ಆಗಸ್ಟಿನ ಮಹಾನೆರೆಯ ಗೆರೆಗಳು ಈಗ ಹಳೆಯ ಶತಮಾನಗಳ ಗೆರೆಗಳ ಪಕ್ಕದಲ್ಲಿ ಸೇರಿವೆ. ಬರಗಾಲಕ್ಕೂ ಅವರಲ್ಲಿ ಗುರುತು ಇದೆ. ದೆಚೀನ್ ಎಂಬ ಊರಿನಲ್ಲಿ ಎಲ್ಬೆಯ ತಳದಲ್ಲಿ ಒಂದು ಬಂಡೆ ಇದೆ; ನೀರು ಬಹಳ ಇಳಿದಾಗ ಮಾತ್ರ ಕಾಣುವ ಆ ‘ಹಸಿವಿನ ಕಲ್ಲಿ’ನ ಮೇಲೆ ಬರದ ಇಸವಿಗಳು ಕೆತ್ತಿವೆ, ಓದಲು ಸಿಗುವ ಅತ್ಯಂತ ಹಳೆಯದು 1616. ಇದಕ್ಕೆ ದೊಡ್ಡ ವಿಜ್ಞಾನ ಬೇಕಾಗಿಲ್ಲ. ಉಳಿ, ಸುತ್ತಿಗೆ ಮತ್ತು ಮುಂದೆ ಇಲ್ಲಿ ಯಾರೋ ಮನೆ ಕಟ್ಟುತ್ತಾರೆ ಎಂಬ ಯೋಚನೆ ಸಾಕು.

ನಮ್ಮ ಗುರುತುಗಳು ಗೋಡೆಯಲ್ಲಿಲ್ಲ, ಬಾಯಲ್ಲಿವೆ. ‘ಈ ಮೆಟ್ಟಿಲಿನ ತನಕ’, ‘ಆ ತೆಂಗಿನ ಮರದ ಅರ್ಧಕ್ಕೆ’ ಎಂದು. ತೆಂಗಿನ ಮರ ಕಡಿದ ಮೇಲೆ, ಮೆಟ್ಟಿಲು ಕಿತ್ತು ಟೈಲ್ಸ್ ಹಾಕಿದ ಮೇಲೆ ಆ ಗುರುತು ಹೋಯಿತು. ಹೇಳುವವರು ಹೋದ ಮೇಲೆ ಮಾತೂ ಹೋಗುತ್ತದೆ.

ಇನ್ನು ನೋಡುವ ಜಾಗಗಳು. ಒಂದು ಭಾನುವಾರ ಸಾಕು. ಮೊದಲು ಕಲ್ಲಡ್ಕದ ದಾರಿಯಲ್ಲಿ ಹೆದ್ದಾರಿ ಬದಿಯ ನರಹರಿ ಪರ್ವತ ಹತ್ತಿ. ಮೇಲೆ ಸದಾಶಿವ ದೇವಸ್ಥಾನ, ಬಂಡೆಯಲ್ಲಿ ಶಂಖ, ಚಕ್ರ, ಗದಾ, ಪದ್ಮ ಎಂಬ ನಾಲ್ಕು ಕೆರೆಗಳಿವೆ. ಆಟಿ ಅಮಾವಾಸ್ಯೆಯಂದು ತೀರ್ಥಸ್ನಾನಕ್ಕೆ ಜನ ತುಂಬುತ್ತಾರೆ. ನಮಗೆ ಮುಖ್ಯವಾದುದು ಅಲ್ಲಿಂದ ಕಾಣುವ ನೋಟ. ಗುಡ್ಡೆ, ಅದರ ಕೆಳಗೆ ತೋಟದ ಪಟ್ಟಿ, ಕೆಳಗೆ ಬೈಲು, ಆಚೆ ಹೊಳೆ: ಮೇಲೆ ಹೇಳಿದ ಮೂರು ಮಟ್ಟಗಳನ್ನೂ ಒಂದೇ ನೋಟದಲ್ಲಿ ಹಿಡಿಯಬಹುದು. ಇಳಿದು ಬಂದು ಮೊಗರ್ನಾಡಿನ ದೇವಮಾತಾ ಇಗರ್ಜಿಯನ್ನೂ ಸಾವಿರ ಸೀಮೆಯ ಲಕ್ಷ್ಮೀನರಸಿಂಹ ದೇವಸ್ಥಾನವನ್ನೂ ಹೊರಗಿನಿಂದಾದರೂ ನೋಡಿ. ಎರಡೂ ಎಂಥ ಎತ್ತರದಲ್ಲಿ ಕೂತಿವೆ ಎಂದು ಗಮನಿಸಿ. ನಾಯಿಲದ ಕಡೆಯಿಂದ ಹೊಳೆಬದಿಗೆ ಇಳಿದರೆ ಅಡಿಕೆ ತೋಟಗಳ ನಡುವಿನ ತಂಪು ಬೇರೆಯೇ. ಮಳೆಗಾಲದಲ್ಲಿ ಮಾತ್ರ ಅಲ್ಲಿಗೆ ಇಳಿಯಬೇಡಿ, ಈಜು ಬಲ್ಲವರೂ ಇಳಿಯಬೇಡಿ. ನೀರು ಮೇಲೆ ಶಾಂತವಾಗಿ ಕಂಡರೂ ಹೊಯ್ಗೆ ತೆಗೆದ ಗುಂಡಿಗಳು ಕಾಣುವುದಿಲ್ಲ. ಆಮೇಲೆ ಪಾಣೆಮಂಗಳೂರು ಪೇಟೆ. ವೀರವಿಠಲ ದೇವಸ್ಥಾನ, ಅಕ್ಕರಂಗಡಿ, ಗೂಡಿನಬಳಿಯ ಮಸೀದಿ ಎಲ್ಲ ಕಾಲ್ನಡಿಗೆಯ ದೂರ. ಕೊನೆಗೆ ಹಳೆ ಸೇತುವೆಯ ಮೇಲೆ ನಿಂತರೆ ಪಕ್ಕದಲ್ಲಿ ಹೆದ್ದಾರಿಯ ಹೊಸ ಸೇತುವೆಗಳು ಕಾಣುತ್ತವೆ, ಸ್ವಲ್ಪ ದೂರದಲ್ಲಿ ರೈಲು ಹಾಯುತ್ತದೆ. ದೋಣಿ ಮಾತ್ರ ಕಾಣುವುದು ಅಪರೂಪ.

ಕೊನೆಗೊಂದು ಕೆಲಸ. ನಿಮ್ಮಲ್ಲಿ ಹೊಳೆಬದಿಯ ಮನೆಯವರು ತುಂಬ ಮಂದಿ ಇದ್ದೀರಿ: ಗೂಡಿನಬಳಿ, ಆಲಡ್ಕ, ನಂದಾವರ, ನಾಯಿಲ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ 1974ನ್ನು ಕಂಡ ಹಿರಿಯರಿದ್ದರೆ ನೀರು ಎಲ್ಲಿಯ ತನಕ ಬಂದಿತ್ತು ಎಂದು ಕೇಳಿ. ಆಗಿನ ಗೋಡೆ, ಕಟ್ಟೆ, ಬಾವಿಯ ದಂಡೆ ಯಾವುದಾದರೂ ಉಳಿದಿದ್ದರೆ ಅಲ್ಲಿಂದ ಈಗಿನ ನೆಲಕ್ಕೆ ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಅಳೆಯಿರಿ. 2019ರ ಗುರುತು ಇದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಜಾಗದ ಹೆಸರು, ಅದು ಬೈಲೋ ಮಜಲೋ ಬೆಟ್ಟೋ ಎಂಬುದು, ಅಳತೆ, ಇಷ್ಟು ಸಾಕು. ಹೇಳಿದವರ ಹೆಸರು ಬೇಡ. ಒಂದು ಹಾಳೆಯಲ್ಲಿ ಬರೆದು ಮಳೆಗಾಲ ಶುರುವಾಗುವ ಮೊದಲು ಸ್ಟಾಫ್‌ರೂಮಿನಲ್ಲಿ ಕೊಡಿ. ಬಂದ ಅಳತೆಗಳನ್ನು ಗ್ರಾಮದ ನಕ್ಷೆಯ ಮೇಲೆ ಗುರುತಿಸಿ ಮುಂದಿನ ಸಂಚಿಕೆಯ ನಡುಪುಟದಲ್ಲಿ ಹಾಕೋಣ.